ಕೈಯಲ್ಲಿ ಓಡಿಸುವ ಕಾರು

ಅಶೋಕಪುರಂನಲ್ಲಿ ನನ್ನದೊಂದು ಸಣ್ಣ ಶೆಡ್ಡು. ಕಾರುಗಳ ಇಂಜಿನ್ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಸಿದ್ಧಾರ್ಥನಗರದ ನಿವೃತ್ತ ಮೇಷ್ಟ್ರೊಬ್ಬರು, ಕೈಯಲ್ಲೇ ಓಡಿಸುವ ಹಾಗೆ ಕಾರು ಮಾಡಿಕೊಡಿ ಎಂದು ಬಂದಾಗ ಆಗುವುದಿಲ್ಲ ಎಂದೇ ಮೊದಲು ಗದರಿದ್ದೆ.

ಈಗಿನ ಆಕ್ಸಿಲರೇಟರಿಗೆ ಎಳೆಯುವ ಕೇಬಲ್ ಇಲ್ಲ. ಎಷ್ಟು ಒತ್ತಿದ್ದೀರೆಂದು ಎರಡು ಸೆನ್ಸರ್‌ಗಳು ಕಂಪ್ಯೂಟರಿಗೆ ಬೇರೆಬೇರೆಯಾಗಿ ಹೇಳುತ್ತವೆ. ಎರಡರ ಮಾತು ತಾಳೆಯಾಗದಿದ್ದರೆ ಅದು ಯಾರನ್ನೂ ನಂಬದೆ ಇಂಜಿನ್ನಿನ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ಆ ಅನುಮಾನದ ಪ್ರಾಣಿಯನ್ನು ಒಪ್ಪಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕೊನೆಗೂ ಸ್ಟೀರಿಂಗ್ ಬಲಕ್ಕೆ ಅಂಥವೇ ಎರಡು ಸೆನ್ಸರ್‌ಗಳಿರುವ ಹಿಡಿಕೆಯೊಂದು ಕೂತಿತು: ಎಳೆದರೆ ವೇಗ, ತಳ್ಳಿದರೆ ಬ್ರೇಕು. ಆರ್‌ಟಿಓ ಒಪ್ಪಿಗೆಯೂ ಸಿಕ್ಕಿತು. ಮೇಷ್ಟ್ರು ಹೆಂಡತಿಯನ್ನು ಕೂರಿಸಿಕೊಂಡು ಹೊರಟ ದಿನ ನನಗೆ ಸ್ವಂತ ಮನೆ ಕಟ್ಟಿದಷ್ಟು ಖುಷಿಯಾಗಿತ್ತು.

ಆಯುಧಪೂಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಕಾರನ್ನು ಎಳೆಸಿಕೊಂಡು ಬಂದರು. ಹಿಂದೆಯೇ ಆಟೋದಲ್ಲಿ ಗಂಡ ಹೆಂಡತಿ. ಚಾಮುಂಡಿ ಬೆಟ್ಟ ಹತ್ತುವಾಗ ಕಾರು ಸೊರಗಿ ನಿಂತಿತ್ತಂತೆ.

“ಹಿಡಿಕೆ ತೆಗೆದ್ಬುಡಿ,” ಎಂದರು ಮೇಷ್ಟ್ರು. “ತಪ್ಪು ನಿಮ್ದಲ್ಲ ಕಣ್ರೀ. ಎಷ್ಟು ಎಳೆದ್ರೂ ಗಾಡಿ ಏಳ್ಲಿಲ್ಲ. ಕಾಲು ಹೋದಾಗ್ಲೂ ಹಿಂಗೇ ಶುರುವಾಗಿದ್ದು. ಈಗ ಕೈಗೂ ಬಂತು.”

ಅವರ ಹೆಂಡತಿ ಗೋಡೆ ನೋಡುತ್ತ ನಿಂತಿದ್ದರು.

ತೆಗೆಯುವ ಮೊದಲು ಹಿಡಿಕೆಯ ಪೆಟ್ಟಿಗೆ ಬಿಚ್ಚಿದೆ. ಒಳಗೆ ಕೆಂಪು ಕೆಸರು. ಪೂಜೆಯ ದಿನ ನೀರಲ್ಲಿ ಕಲಸಿದ ಅರಿಶಿನ ಕುಂಕುಮವನ್ನು ಬಾನೆಟ್ಟಿಗೆ, ಸ್ಟೀರಿಂಗಿಗೆ ಇಟ್ಟಂತೆ ಹಿಡಿಕೆಗೂ ಹಚ್ಚಿದ್ದರು. ಅದು ಸಂದಿಯಿಂದ ಇಳಿದು ಒಂದು ಸೆನ್ಸರಿಗೆ ಮೆತ್ತಿಕೊಂಡಿತ್ತು. ಹತ್ತಿಯಲ್ಲಿ ಒರೆಸಿ, ಒಣಗಿಸಿ, ಮೀಟರ್ ಹಿಡಿದೆ. ಎರಡೂ ಸೆನ್ಸರ್‌ಗಳ ಲೆಕ್ಕ ತಾಳೆಯಾಯಿತು. ಈ ಕೆಸರಿನಿಂದಲೇ ಕಂಪ್ಯೂಟರ್ ಅನುಮಾನಪಟ್ಟು ಶಕ್ತಿ ತಗ್ಗಿಸಿದ್ದು ಎಂದು ಇಬ್ಬರಿಗೂ ಹೇಳಿದೆ.

ಆ ಅಮ್ಮ ಕೆಂಪಾದ ಹತ್ತಿಯನ್ನೇ ನೋಡಿದರು. “ಹಚ್ಚಿದ್ದು ನಾನೇ ಕಣಪ್ಪ. ಇವರನ್ನ ಕಾಯೋದು ಇದೇ ತಾನೇ ಅಂತ, ಇದಕ್ಕೆ ಇನ್ನೊಂಚೂರು ಜಾಸ್ತೀನೇ ಇಟ್ಬುಟ್ಟೆ.”

ಮೇಷ್ಟ್ರು ಬಲಗೈಯ ಬೆರಳುಗಳನ್ನು ನಿಧಾನವಾಗಿ ಮಡಚಿ ಬಿಚ್ಚಿದರು. “ಹಂಗಾದ್ರೆ ಕೈ ಚೆನ್ನಾಗೇ ಇದೆ ಅನ್ನಿ,” ಎಂದು ನನ್ನನ್ನು ಕೇಳಿದರು. ನಾನು ಹೂಂ ಎನ್ನುವಷ್ಟರಲ್ಲಿ ಅತ್ತುಬಿಟ್ಟರು.

“ಬೆಟ್ಟದಿಂದ ಬಂದಾಗಿಂದ ಕಾಫಿ ಲೋಟಾನೂ ಮುಟ್ಟಿಲ್ಲ, ಜಾರಿ ಬಿದ್ಬುಟ್ರೆ ಅಂತ,” ಎಂದರು ಅಮ್ಮ. “ನಾನೇ ಕುಡಿಸ್ತಿದ್ದೆ.”

ಪಕ್ಕದ ಅಂಗಡಿಯಿಂದ ಕಾಫಿ ತರಿಸಿದೆ. ಮೇಷ್ಟ್ರು ಲೋಟವನ್ನು ಬಲಗೈಯಲ್ಲೇ ಎತ್ತಿದರು. ಕೊನೆಯ ಗುಟುಕಿನವರೆಗೂ ಅಮ್ಮ ಆ ಕೈಯಿಂದ ಕಣ್ಣು ತೆಗೆಯಲಿಲ್ಲ.