ಫರಹತಾಬಾದಿನಲ್ಲಿ ನಿಂತ ಬಸ್ಸು

ಶ್ರಾವಣದ ಮೊದಲ ಸೋಮವಾರ, ಬೆಳಗಿನ ಎಂಟು ಗಂಟೆ. ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ, ಸೊಸೆ ಮತ್ತು ಸೊಸೆಯ ಕಂಕುಳಲ್ಲಿದ್ದ ಒಂಬತ್ತು ತಿಂಗಳ ಮೊಮ್ಮಗಳು. ಮಗ ಜೇವರ್ಗಿಯಲ್ಲಿ ನೌಕರಿ ಮಾಡುತ್ತಾನೆ. ಶನಿವಾರ ಸಂಜೆ ಬರುತ್ತಾನೆ, ಸೋಮವಾರ ನಸುಕಿನಲ್ಲಿ ಹೋಗುತ್ತಾನೆ. ಅಂದೂ ಹೋಗಿ ಆಗಿತ್ತು.

ಸೊಸೆ ಮಟಕಿಯಲ್ಲಿ ಶಾಲೆಯ ಟೀಚರ್. ಹೆರಿಗೆ ರಜೆ ಮುಗಿದು, ಅದರ ಬೆನ್ನಿಗೆ ಹಾಕಿದ್ದ ರಜೆಗಳೂ ಮುಗಿದು, ಅಂದು ಅವಳು ಮತ್ತೆ ಕೆಲಸಕ್ಕೆ ಹೊರಟಿದ್ದಳು. ಕೂಸನ್ನು ನನ್ನ ಹೆಂಡತಿ ನೋಡಿಕೊಳ್ಳುವುದೆಂದು ಬಹಳ ಹಿಂದೆಯೇ ಮಾತಾಗಿತ್ತು. ಆದರೆ ಹಿಂದಿನ ವಾರವೇ ಅವಳ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಬಗ್ಗಬಾರದು, ಭಾರ ಎತ್ತಬಾರದು, ಕರಿ ಕನ್ನಡಕ ತೆಗೆಯಬಾರದು ಎಂದು ಡಾಕ್ಟರ್ ಹೇಳಿದ್ದರು. ಮೊದಲಿನ ಎರಡನ್ನು ಹೇಗಾದರೂ ನಿಭಾಯಿಸಬಹುದಿತ್ತು. ಮೂರನೆಯದಕ್ಕೆ ಉಪಾಯವಿರಲಿಲ್ಲ. ಆ ಕನ್ನಡಕ ಕಂಡರೆ ಸಾಕು, ಕೂಸು ಕಿಟಾರನೆ ಚೀರುತ್ತಿತ್ತು. ಹೀಗಾಗಿ ಅವಳು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು.

ಉಳಿದವನು ನಾನು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಬರೆಯುವುದು, ಸೀಟಿ ಊದುವುದು, ಊರುಗಳ ಹೆಸರು ಕೂಗುವುದು, ಇದು ನನ್ನ ಆಯುಷ್ಯದ ಕೆಲಸ.

ಸೊಸೆ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತಳು. "ನೋಡ್ರಿ ಮಾವಾರ, ಇವತ್ತೊಂದಿನ ನೋಡೂಣು. ಕೂಸು ಹಾಲು ಕುಡದು, ಮಧ್ಯಾಹ್ನ ಒಂದ್ ಚಂದ ನಿದ್ದಿ ಮಾಡ್ತಂದ್ರ ಇಲ್ಲೇ ಇರ್ಲಿ. ಇಲ್ಲಾಂದ್ರ ನಾಳೆ ಅಫಜಲಪುರಕ್ಕ ನಮ್ಮವ್ವನ ಕಡಿ ಬಿಟ್ಟು ಬರ್ತೇನಿ. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಅಫಜಲಪುರಕ್ಕೆ ಹೋದ ಕೂಸು ಇಲ್ಲಿಗೆ ಬರುವುದು ವಾರಕ್ಕೊಮ್ಮೆ. ವಾರಕ್ಕೊಮ್ಮೆ ಬರುವ ಕೂಸಿಗೆ ನಾವು ನೆಂಟರಷ್ಟೇ ಆಗುತ್ತೇವೆ.

ಮಂಚದ ಮೇಲಿಂದ ಹೆಂಡತಿ, ಗೋಡೆಯ ಕಡೆಗೇ ತಿರುಗಿಕೊಂಡು, "ನೀ ಹೋಗವ್ವಾ, ಹೆದರಬ್ಯಾಡ. ನಿಮ್ಮವ್ವ ಹಾಡಿ ಮಲಗಸ್ತಾಳ, ನಿಮ್ಮ ಮಾವ ಸೀಟಿ ಊದಿ ಮಲಗಸ್ತಾರ" ಎಂದಳು.

ಸೊಸೆ ನಕ್ಕು ಹೊರಟಳು. ಓಣಿಯ ತಿರುವಿನಲ್ಲಿ ಅವಳ ಸೆರಗು ಮರೆಯಾದದ್ದೇ ತಡ, ಕೂಸು ಬಾಯಿ ತೆರೆಯಿತು.

ನಾನು ಮೊದಲೇ ಸಿದ್ಧತೆ ಮಾಡಿಕೊಂಡಿದ್ದೆ. ಒಂಬತ್ತರಿಂದ ಹತ್ತರವರೆಗೆ ಆಟ, ಆಮೇಲೆ ಹಾಲು, ಆಮೇಲೆ ನಿದ್ದೆ. ಚಾಪೆಯ ಮೇಲೆ ಚಮಚ, ಡಬ್ಬಿಯ ಮುಚ್ಚಳ, ಪ್ಲಾಸ್ಟಿಕ್ಕಿನ ಗಿಳಿ ಇವನ್ನು ಸಾಲಾಗಿ ಇಟ್ಟಿದ್ದೆ. ಕೂಸು ಆ ಸಾಲಿನ ಕಡೆ ನೋಡಲೇ ಇಲ್ಲ. ಮುಖ ಮುಚ್ಚಿ ತೆಗೆಯುವ ಆಟ ಎಲ್ಲ ಮಕ್ಕಳಿಗೂ ಇಷ್ಟವೆಂದು ಕೇಳಿದ್ದೆ. ಟವೆಲ್ ತೆಗೆದುಕೊಂಡು ಮುಖವನ್ನು ನಾಲ್ಕೂ ಕಡೆಯಿಂದ ಸರಿಯಾಗಿ ಮುಚ್ಚಿಕೊಂಡು ಕೂತೆ. ಅಳು ಇಮ್ಮಡಿಯಾಯಿತು.

"ಏನ್ ಮಾಡಾಕತ್ತೀರಿ?" ಎಂದಳು ಹೆಂಡತಿ.

"ಮಾರಿ ಮುಚ್ಚಿಕೊಂಡೇನಿ."

"ಮುಚ್ಚಿಕೊಂಡು ನಿದ್ದಿ ಹೋದಿರೇನು? ಲಗೂ ತಗೀರಿ! ಕೂಸಿಗೆ ತನ್ನ ಮುತ್ಯಾನೂ ಊರಿಗೆ ಹೋದಾ ಅನಸ್ತದ."

ತೆಗೆದೆ. ಆದರೆ ಅಷ್ಟರಲ್ಲಿ ಕೂಸು ನನ್ನ ಮೇಲೆ ವಿಶ್ವಾಸ ಕಳೆದುಕೊಂಡಿತ್ತು.

"ಜೋಗುಳ ಹಾಡ್ರಿ" ಎಂದಳು.

ನಾನು ಹುಡುಗನಾಗಿದ್ದಾಗ ಮಠದ ವಿದ್ಯಾರ್ಥಿನಿಲಯದಲ್ಲಿ ಇದ್ದು ಓದಿದವನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಗಂಟೆ ಹೊಡೆದರೆ ಮಲಗುವುದು. ಅಲ್ಲಿ ಯಾರಿಗೂ ಯಾರೂ ಜೋಗುಳ ಹಾಡಲಿಲ್ಲ. ನನಗೆ ಬಾಯಿಪಾಠ ಬರುವುದು ಬೆಳಗಿನ ಪ್ರಾರ್ಥನೆ ಒಂದೇ. ಅದನ್ನೇ ಶುರು ಮಾಡಿದೆ. ರೂಢಿಯ ಬಲದಿಂದ ಎದ್ದು ನಿಂತು, ಕೂಸನ್ನು ಚಾಪೆಯ ಮೇಲೆ ಬಿಟ್ಟು, ಕೈ ಕಟ್ಟಿ ಹಾಡಿದೆ. ಹೆಂಡತಿ ಗೋಡೆಗೆ ಹಣೆ ಹಚ್ಚಿ ನಗುತ್ತಿದ್ದಳು. "ಕೂಸನ್ನೂ ಎಬ್ಬಿಸಿ ಲೈನಿನಾಗ ನಿಲ್ಲಸ್ರಿ. ಹಾಜರಿ ತಗೀರಿ."

ಹಾಲು ಬಟ್ಟಲಲ್ಲಿ ತಣ್ಣಗಾಯಿತು. ಚಮಚ ತುಟಿಗೆ ತಾಗಿದರೆ ಕೂಸು ಮುಖ ತಿರುಗಿಸುತ್ತಿತ್ತು. ನನಗೆ ಖರೇ ಅಂಜಿಕೆ ಹತ್ತಿದ್ದು ಆಗ.

ಆ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಬಂದಳು. ಐದು ವರ್ಷದವಳು. ಅವರ ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕಾಲಿಗೆ ಮುಳ್ಳು ಚುಚ್ಚಿದೆಯೆಂಬ ನೆಪ ಹೇಳಿ ಅಂದು ಶಾಲೆ ತಪ್ಪಿಸಿ ಮನೆಯಲ್ಲೇ ಉಳಿದಿದ್ದಳು. ಓಡುತ್ತಲೇ ಒಳಗೆ ಬಂದಳು.

"ಮುತ್ಯಾ, ಮುನ್ನಿ ಯಾಕ ಅಳಾಕತ್ತಾಳ? ನೀ ಹೊಡದೀ?"

"ಇಲ್ಲವ್ವಾ. ಹಾಡಿದೆ."

ಅವಳು ಸ್ವಲ್ಪ ಹೊತ್ತು ವಿಚಾರಣೆಗೆ ಬಂದ ಅಧಿಕಾರಿಯಂತೆ ನನ್ನನ್ನು ನೋಡಿದಳು. "ಅರೇ, ಐಸಾ ನೈ. ಬಸ್ಸಾಟ ಆಡೂಣು ನಡಿ. ನಾ ಡ್ರೈವರ್. ನೀ ಮುನ್ನೀನ್ನ ತಗೊಂಡು ಹಿಂದ ಕುಂದ್ರು."

ಅಡುಗೆಮನೆಯಿಂದ ಒಂದು ತಾಟು ತಂದು ಅದನ್ನೇ ಸ್ಟೇರಿಂಗ್ ಮಾಡಿಕೊಂಡು ಚಾಪೆಯ ತುದಿಯಲ್ಲಿ ಕೂತಳು. ನಾನು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಅವಳು ಗಂಟಲಿನಿಂದ ಇಂಜಿನ್ ಚಾಲೂ ಮಾಡಿ ಕೂಗಿದಳು: "ಆಳಂದ, ಜೇವರ್ಗಿ, ಮಟಕಿ, ಬಂಬಯಿ, ಗಾಣಗಾಪುರಾ! ಚಲೋ ಚಲೋ ಚಲೋ!"

ನಾನು ಸಹಿಸಿಕೊಳ್ಳಲು ಪ್ರಯತ್ನಿಸಿದೆ. ಆಗಲಿಲ್ಲ.

"ಆ ಬಸ್ ಹಂಗ ಹೋಗಂಗಿಲ್ಲವ್ವಾ."

"ನನ್ ಬಸ್ ಹೋಗ್ತದ."

"ಆಳಂದ ಬಿಟ್ಟ ಕೂಡ್ಲೆ ಜೇವರ್ಗಿ ಹ್ಯಾಂಗ ಬರ್ತದ? ನಡಕ ಊರ ಇಲ್ಲೇನು?"

"ಮತ್ತ ನೀನ ಹೇಳು!" ಎಂದು ತಾಟು ನೆಲಕ್ಕೆ ಬಡಿದಳು.

ಹೇಳಿದೆ. ಹೇಳಲಿಲ್ಲ, ಕೂಗಿದೆ. ಮೈಕು ಕೆಟ್ಟ ದಿನಗಳಲ್ಲಿ ಮೂರನೆಯ ಪ್ಲಾಟ್‌ಫಾರ್ಮಿನವರೆಗೂ ಕೇಳಲಿ ಎಂದು ಕೂಗುತ್ತಿದ್ದ ರೀತಿಯಲ್ಲಿ, ಕೊನೆಯ ಅಕ್ಷರ ಎಳೆದು, ನಡುವೆ ಉಸಿರು ಬಿಟ್ಟು. "ಆಳಂದಾ... ಕಡಗಂಚೀ... ಪಟ್ಟಣಾ... ಕಲಬುರಗೀ... ಫರಹತಾಬಾದಾ... ಕಟ್ಟಿಸಂಗಾವೀ... ಜೇವರ್ಗೀ, ಜೇವರ್ಗೀ, ಜೇವರ್ಗಿ!"

ಕೂಸು ಸುಮ್ಮನಾಯಿತು. ಕತ್ತೆತ್ತಿ ನನ್ನ ಗಂಟಲನ್ನು ನೋಡಿತು. ಆಮೇಲೆ ಕೈ ಚಾಚಿ ಎರಡು ಬೆರಳು ನನ್ನ ಬಾಯೊಳಗೆ ಹಾಕಿ, ಆ ಸದ್ದು ಎಲ್ಲಿದೆ ಎಂದು ಹುಡುಕಿತು.

"ಇನ್ನೊಮ್ಮಿ ಹೋಗು ಮುತ್ಯಾ!" ಹುಡುಗಿ ಆಜ್ಞೆ ಮಾಡಿದಳು.

ಹೋದೆ. ಜೇವರ್ಗಿ ಮುಟ್ಟಿದ ಕೂಡಲೇ ಕೂಸಿನ ತುಟಿ ಮತ್ತೆ ಅಳುವಿಗೆ ಸೊಟ್ಟಗಾಯಿತು. ಹಾಗಾಗಿ ಅಲ್ಲಿಂದಲೇ ವಾಪಸ್ ಹೊರಟೆ. ಜೇವರ್ಗಿಯಿಂದ ಆಳಂದಕ್ಕೆ ಬರುವಾಗ ಕೂಸು ಕೇಕೆ ಹಾಕಿ ನಕ್ಕಿತು. ನನಗೂ ಉಮೇದು ಬಂತು. ಊರು ಬಂದಾಗ ತೊಡೆ ಕುಣಿಸಿ ನಿಲ್ಲಿಸುವುದು, ಹೊಂಡ ಬಂದಾಗ ಎತ್ತಿ ಹಾಕುವುದು, ಭೀಮಾ ನದಿಯ ಸೇತುವೆ ಬಂದಾಗ ಕೂಸಿನ ಹೊಟ್ಟೆಯ ಮೇಲೆ ಬೆರಳು ಓಡಿಸುವುದು. ಇದು ಯಾರೂ ಕಲಿಸಿದ್ದಲ್ಲ, ಹಾದಿಯೇ ಹಾಗಿದೆ.

ಹಾಲಿನ ಉಪಾಯ ಮಾತ್ರ ಹುಡುಗಿಯದು. "ಮುನ್ನೀ ಬಾಯಿ ಬಸ್ಸಿನ ಬಾಗ್ಲ. ಕಡಗಂಚಿ ಬಂತು, ಮಂದಿ ಹತ್ತಸು!" ಎಂದಳು. ಬೆಚ್ಚಗೆ ಮಾಡಿದ ಹಾಲು ತಂದೆ. ಪ್ರತಿ ನಿಲ್ದಾಣದಲ್ಲೂ ಒಂದೊಂದು ಚಮಚ ಹತ್ತಿತು. ಕಲಬುರಗಿ ದೊಡ್ಡ ನಿಲ್ದಾಣವಾದ್ದರಿಂದ ಅಲ್ಲಿ ನಾಲ್ಕು. ಬಟ್ಟಲು ಖಾಲಿಯಾಯಿತು. ಹುಡುಗಿಯ ತಾಯಿ ಬಾಗಿಲಲ್ಲಿ ಬಂದು, "ಕಾಕಾ, ನಿವೃತ್ತಿ ಆದ ಮ್ಯಾಲೂ ಡ್ಯೂಟಿ ಬಿಡವಲ್ರಿ!" ಎಂದು ನಗುತ್ತ ಮಗಳನ್ನು ಊಟಕ್ಕೆ ಎಳೆದುಕೊಂಡು ಹೋದಳು.

ಉಳಿದದ್ದು ನಿದ್ದೆ. ತೊಲೆಗೆ ಕಟ್ಟಿದ್ದ ಸೀರೆಯ ಜೋಳಿಗೆಯಲ್ಲಿ ಕೂಸನ್ನು ಹಾಕಿ, ಮೆಲ್ಲಗೆ ತೂಗುತ್ತ, ದನಿ ಇಳಿಸಿ ಹೊರಟೆ. ಕಡಗಂಚಿಯಲ್ಲಿ ಕಾಲು ಆಡುತ್ತಿದ್ದವು. ಕಲಬುರಗಿಯಲ್ಲಿ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಫರಹತಾಬಾದಿನಲ್ಲಿ ಮುಷ್ಟಿ ಸಡಿಲಾಯಿತು, ಉಸಿರು ಒಂದೇ ಸಮನಾಯಿತು. ಕೂಸು ಮಲಗಿತ್ತು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಬಸ್ಸು ಇನ್ನೂ ಫರಹತಾಬಾದಿನಲ್ಲಿತ್ತು. ಇಡೀ ಸೇವೆಯಲ್ಲಿ ಒಂದು ಬಸ್ಸನ್ನೂ ನಾನು ನಡುದಾರಿಯಲ್ಲಿ ಬಿಟ್ಟು ಮನೆಗೆ ಬಂದವನಲ್ಲ. ಕಟ್ಟಿಸಂಗಾವಿ ದಾಟಿಸಿದೆ. ಜೇವರ್ಗಿ ಮುಟ್ಟಿದಾಗ ಕೆಲಸ ಮುಗಿದ ಸಮಾಧಾನದಲ್ಲಿ ದನಿ ತಾನಾಗಿ ಏರಿತು: "ಜೇವರ್ಗೀ! ಇಳಿಯವರು ಇಳೀರಿ!"

ಕೂಸು ಬೆಚ್ಚಿಬಿದ್ದು ಚೀರಿತು.

"ಏನ್ರಿ ನೀವು!" ಹೆಂಡತಿ ಮಂಚದಿಂದ ಅರ್ಧ ಎದ್ದಳು. "ಮಲಗಿದ ಕೂಸಿನ್ನ ಎಬ್ಬಿಸಿ ಜೇವರ್ಗಿಯಾಗ ಇಳಿಸಿ ಬಂದ್ರ್ಯಾ?"

ಅದೇ ಹೊತ್ತಿಗೆ ಫೋನ್ ಬಂತು. ಸೊಸೆಗೆ ಊಟದ ಬಿಡುವು. ಹೆಂಡತಿ ತೆಗೆದುಕೊಂಡಳು. "ಹಾಲು ಕುಡದದವ್ವಾ, ಬಟ್ಟಲ ಖಾಲಿ. ಮಲಗಿತ್ತು, ಈಗಷ್ಟ ಎದ್ದದ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಅದನ್ನ ನಿಮ್ಮ ಮಾವನ್ನ ಕೇಳು" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

"ಎಷ್ಟೊತ್ತು ಮಲಗಿತ್ತ್ರಿ ಮಾವಾರ?"

ಹೊತ್ತಿನ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ. "ಎರಡು ನಿಮಿಷ" ಎಂದೆ.

ಕೂಸಿನ ಅಳು ಅವಳಿಗೆ ಚೆನ್ನಾಗಿ ಕೇಳುತ್ತಿತ್ತು. "ಅರ್ಧ ದಿನ ರಜಾ ಹಾಕಿ ಬರ್ಲೇನ್ರಿ?"

"ಬ್ಯಾಡವ್ವಾ. ಇನ್ನೊಂದು ಟ್ರಿಪ್ ನೋಡ್ತೇನಿ."

"ಏನ್ ಟ್ರಿಪ್ಪು?"

"ಸಂಜಿಗೆ ಹೇಳ್ತೇನಿ" ಎಂದು ಫೋನ್ ಇಟ್ಟೆ.

ಎರಡನೆಯ ಸಲ ಆಳಂದದಿಂದಲೇ ನಿಧಾನವಾಗಿ ಹೊರಟೆ. ಅಳು ಬಿಕ್ಕಾಗಿ, ಬಿಕ್ಕು ನಿಟ್ಟುಸಿರಾಗಿ, ಪಟ್ಟಣವೆಂಬ ಊರು ದಾಟುವಾಗ ಬೆರಳು ಬಾಯಿಗೆ ಹೋಯಿತು. ಕಲಬುರಗಿಯಲ್ಲಿ ಬಹಳ ಹೊತ್ತು ನಿಂತೆವು. ಫರಹತಾಬಾದಿನಲ್ಲಿ ಕಣ್ಣು ಮುಚ್ಚಿದವು. ಕಟ್ಟಿಸಂಗಾವಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಜೋಳಿಗೆಯ ತೂಗು ಸಣ್ಣದಾಗುತ್ತ ತಾನಾಗಿ ನಿಂತಿತು. ನಾನು ಕೈ ತೆಗೆದು, ಉಸಿರು ಹಿಡಿದು, ಗೋಡೆಗೆ ಒರಗಿ ಕೂತೆ. ಬಸ್ಸು ಫರಹತಾಬಾದಿನಲ್ಲೇ ನಿಂತಿತ್ತು. ಇಳಿಯುವವರು ಯಾರೂ ತಕರಾರು ಮಾಡಲಿಲ್ಲ.

ಕೂಸು ಎದ್ದಾಗ ಬಿಸಿಲು ಅಂಗಳದ ಆಚೆ ಗೋಡೆಗೆ ಏರಿತ್ತು. ಅಳದೆ ಎದ್ದಿತು. ಎತ್ತಿಕೊಂಡು ಮತ್ತೆ ಬಸ್ಸು ಬಿಟ್ಟೆ. ಈ ಸಲ ಪಟ್ಟಣಕ್ಕೆ ಬಂದಾಗ ಗೋಡೆಯ ಕಡೆಯಿಂದ ದನಿ ಬಂತು.

"ಏನ್ರಿ ಕಂಟ್ರೋಲರ್ ಸಾಹೇಬ್ರ, ಇಲ್ಲೊಬ್ಬಾಕಿ ಮುದುಕಿ ಮುಂಜಾನಿಂದ ಕುಂತಾಳ. ಸೀಟ್ ಅದ ಏನು?"

ಕೂಸು ದನಿ ಬಂದ ಕಡೆ ತಿರುಗಿತು. ಅದು ಅದಕ್ಕೆ ಹುಟ್ಟಿದಂದಿನಿಂದ ಗೊತ್ತಿದ್ದ ದನಿ. ಹೆಂಡತಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಮೊದಲಿಗೆ ಬಾಯಿ ಮತ್ತು ಗದ್ದ ಮಾತ್ರ ಕಾಣುವಂತೆ ತಿರುಗಿದಳು. "ಬೂವಾ!" ಎಂದು ಸೆರಗು ಒಂದಿಷ್ಟು ಮೇಲೆತ್ತಿ ತಕ್ಷಣ ಇಳಿಸಿದಳು. ಕನ್ನಡಕದ ಅಂಚು ಕಂಡು ಮಾಯವಾಯಿತು. ಕೂಸು ನನ್ನ ಅಂಗಿ ಹಿಡಿದುಕೊಂಡಿತು, ಆದರೆ ಚೀರಲಿಲ್ಲ. ಮತ್ತೊಮ್ಮೆ ಎತ್ತಿದಳು, ಇಳಿಸಿದಳು. ಐದಾರು ಸಲ ಆದ ಮೇಲೆ ಕೂಸೇ ಮುಂದಕ್ಕೆ ಬಾಗಿ ಆ ಸೆರಗು ಎಳೆಯಿತು. ಕರಿ ಕನ್ನಡಕ ಪೂರ್ತಿ ಹೊರಗೆ ಬಂತು. ಕೂಸು ಒಂದು ಕ್ಷಣ ಯೋಚಿಸಿ, ಅದರ ಗಾಜಿನ ಮೇಲೆ ಅಂಗೈಯಿಂದ ಪಟ್ಟೆಂದು ಬಡಿದು ನಕ್ಕಿತು.

"ಕಣ್ಣು, ಕಣ್ಣು! ಹುಷಾರ್!" ಎಂದೆ ನಾನು.

"ನೀವು ಸುಮ್ಕಿರ್ರಿ" ಎಂದಳು ಅವಳು, ಕೂಸಿನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು.

ಸಂಜೆ ಐದೂವರೆಗೆ ಸೊಸೆ ಬಂದಳು. ತಾಯಿಯನ್ನು ಕಂಡದ್ದೇ ಕೂಸು ಇಡೀ ದಿನದ ಅಳುವನ್ನೆಲ್ಲ ಒಟ್ಟಿಗೇ ತೆಗೆಯಿತು. ಅವಳ ಕೊರಳು ತಬ್ಬಿ ಬಿಡಲೊಲ್ಲದು. ಮುಗಿಯಿತು, ನಾಳೆ ಅಫಜಲಪುರ ಎಂದುಕೊಂಡೆ. ಅವಳು ಕೂಸಿಗೆ ಹಾಲೂಡಿಸಿ, ಚಹಾ ಕುಡಿದು, ಎಲ್ಲವನ್ನೂ ಕೇಳಿಕೊಂಡಳು. ನಾನು ವರದಿ ಒಪ್ಪಿಸಿದೆ, ಜೇವರ್ಗಿಯಲ್ಲಿ ಆದ ಅಚಾತುರ್ಯವನ್ನೂ ಸೇರಿಸಿ. ಎರಡನೆಯ ಟ್ರಿಪ್ಪಿನಲ್ಲಿ ಎರಡು ತಾಸು ಮಲಗಿತ್ತೆಂಬುದನ್ನು ಹೆಂಡತಿ ಹೇಳಿದಳು.

ಸೊಸೆ ಲೋಟ ಕೆಳಗಿಟ್ಟಳು. "ಮಾವಾರ, ನಾಳೆ ನಾ ಇವತ್ತಿಗಿಂತ ಜರಾ ಮುಂಚೆ ಹೋಗಬೇಕ್ರಿ. ನೀವು ಏಳಕ್ಕ ಜಳಕಾ ಮುಗಿಸಿಕೋರಿ. ಹಾಲು ಕಾಸಿ ಇಟ್ಟಿರ್ತೇನಿ."

"ಆರೂವರಿಗೇ ತಯಾರಿರ್ತೇನಿ" ಎಂದೆ.

ಅಫಜಲಪುರಕ್ಕೆ ತಿಳಿಸುವ ಕೆಲಸ ನನಗೇ ಬಂತು. ಬೀಗತಿ ಒಂದೇ ಕರೆಗೆ ಫೋನ್ ಎತ್ತಿದರು. ಫೋನ್ ಕೈಯಲ್ಲೇ ಹಿಡಿದು ಕೂತಿದ್ದರೆಂದು ಕಾಣುತ್ತದೆ.

"ಇಲ್ಲೇ ಇರ್ತದಂತ್ರಿ ಕೂಸು" ಎಂದೆ.

"ಚಲೋ ಆತ್ರಿ ಬೀಗರ. ನಾ ಇಲ್ಲಿ ತೊಟ್ಟಿಲ ತಿಕ್ಕಿ ತೊಳದು ಕಟ್ಟಿದ್ದೆ."

"ಬಿಚ್ಚಬ್ಯಾಡ್ರಿ. ಐತವಾರ ಎಲ್ಲಾರೂ ಬರ್ತೇವಿ. ಅಲ್ಲೇ ಮಲಗಸ್ರಿ."

"ಏನ್ ಹಾಡಿ ಮಲಗಸ್ತೀರಿ ನೀವು? ಅದನ್ನ ಹೇಳ್ರಿ, ನಾನೂ ಕಲೀತೇನಿ."

ಹೇಳಿದೆ. ಊರುಗಳ ಹೆಸರನ್ನು ಒಂದೊಂದಾಗಿ, ನಿಧಾನವಾಗಿ. ಆ ಕಡೆಯಿಂದ ಅವರೂ ಒಂದೊಂದನ್ನೇ ನನ್ನ ಹಿಂದೆ ಹೇಳಿದರು. ಪಟ್ಟಣವನ್ನು ಬಿಟ್ಟರು, ತಿದ್ದಿದೆ. ಫರಹತಾಬಾದಿಗೆ ಬಂದಾಗ, "ಇಲ್ಲಿಗೆ ನಿಲ್ಲಸಬೇಕ್ರಿ. ಮುಂದ ಹೋಗಬಾರದು" ಎಂದು ಎರಡು ಸಲ ಹೇಳಿದೆ.

ಫೋನ್ ಇಟ್ಟು ಅಂಗಳಕ್ಕೆ ಹೋದೆ. ದಾರದ ಮೇಲೆ ಕೂಸಿನ ಬಟ್ಟೆಗಳು ಒಣಗಿದ್ದವು. ಒಂದೊಂದನ್ನೇ ತೆಗೆದು, ಝಾಡಿಸಿ, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಕಪಾಟಿನಲ್ಲಿ ನನ್ನ ಅಂಗಿಗಳ ಪಕ್ಕ ಇಟ್ಟೆ. ಅಂದಿನ ಕೆಲಸ ಮುಗಿಯಿತು.