ನಾಲ್ಕನೆಯ ಎಲೆ

ದೆವ್ವ, ಭೂತ, ಸತ್ತವರು ಬಂದು ಉಣ್ಣುವುದು, ಇವನ್ನೆಲ್ಲ ನಂಬಿದವನಲ್ಲ ನಾನು. ನಾಪೋಕ್ಲು ಸುತ್ತಮುತ್ತ ಪಂಪ್‌ಸೆಟ್ಟು, ಮೋಟಾರು ರಿಪೇರಿ ಮಾಡಿಕೊಂಡಿರುವವನು. ಕರೆಂಟಿದ್ದರೆ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ; ನನ್ನ ವೇದಾಂತ ಅಷ್ಟೇ. ಈಗ ಹೇಳುವುದನ್ನು ನೀವೂ ನಂಬಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ, ಸ್ನಾನ ಮಾಡುವಾಗ ಎಡಗಡೆಯ ಬೀಜದಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು. ಮೊದಲು ಕಡಲೆಕಾಳಿನಷ್ಟಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನೆಲ್ಲಿಕಾಯಿಯಷ್ಟಾಯಿತು. ನೋವಿರಲಿಲ್ಲ. ನೋವಿಲ್ಲದ ಮೇಲೆ ಎಂಥ ರೋಗ ಎಂದು ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ. ಊರಿನ ಡಾಕ್ಟರಮ್ಮನ ಮನೆಯ ಮೋಟಾರು ರಿಪೇರಿ ಮಾಡುವವನೇ ನಾನು. ಅವರ ಮುಂದೆ ಲುಂಗಿ ಬಿಚ್ಚುವುದು ಹೇಗೆ ಸ್ವಾಮಿ? ಮೇಲಾಗಿ ನೆಂಟರು ನನಗೆ ಹೆಣ್ಣು ನೋಡುತ್ತಿದ್ದರು. ಇಂಥ ಜಾಗದ ಸುದ್ದಿ ಹೊರಗೆ ಬಿದ್ದರೆ ಮುಗಿಯಿತು.

ಹೇಳಿಕೊಳ್ಳಲು ಮನೆಯಲ್ಲೂ ಯಾರೂ ಇರಲಿಲ್ಲ. ಅಪ್ಪ, ಚಿಕ್ಕಪ್ಪ ಮೊದಲೇ ಹೋಗಿದ್ದರು. ಅವ್ವ ಹೋಗಿ ಎರಡು ವರ್ಷವಾಗಿತ್ತು. ಸಂಜೆ ಬೀಗ ತೆಗೆದು ಒಳಗೆ ಹೋದರೆ ಮಾತಾಡುವುದು ರೇಡಿಯೊ ಒಂದೇ. ರಾತ್ರಿ ಮಲಗಿದಾಗ ಕೈ ತಾನಾಗಿ ಆ ಗಂಟನ್ನು ಹುಡುಕುತ್ತಿತ್ತು. ಭಯವಾಗುತ್ತಿತ್ತು, ಮುಸುಕೆಳೆದುಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸುವ ಪದ್ಧತಿಯಿದೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ. ಅದರಲ್ಲಿ ಕಡುಬು, ಹಂದಿ ಸಾರು, ಕೋಳಿ. ಪಕ್ಕದಲ್ಲಿ ಒಂದು ಲೋಟ ಬ್ರಾಂದಿ. ದೀಪ ಹಚ್ಚಿ, ಬಾಗಿಲು ಮುಚ್ಚಿ ಹೊರಗೆ ಬರಬೇಕು. ಅವರು ಉಣ್ಣುವಷ್ಟು ಹೊತ್ತು ಕಾದು, ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು. ಅವ್ವ ಹೋದ ಮೇಲೂ ನಾನದನ್ನು ಬಿಟ್ಟಿರಲಿಲ್ಲ. ನಂಬಿಕೆಯಿಂದಲ್ಲ, ಅವ್ವನ ಮೇಲಿನ ಅಕ್ಕರೆಯಿಂದ.

ಆ ವರ್ಷವೂ ಆ ದಿನ ಬಂತು. ಸಂಜೆ ಅಪ್ಪ, ಅವ್ವ, ಚಿಕ್ಕಪ್ಪ ಮೂವರಿಗೂ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚಿದೆ. ಆಟೋ ಓಡಿಸುವ ಗೆಳೆಯ ದಾಮು ಊಟಕ್ಕೆ ಬಂದಿದ್ದ. ಇಬ್ಬರೂ ಆ ಬಾಗಿಲಿನ ಎದುರೇ ಜಗಲಿಯಲ್ಲಿ ಕೂತು ಕಾಫಿ ರೇಟಿನ ಮಾತಾಡಿದೆವು. ಕತ್ತಲಾಗುತ್ತಾ ಬಂದಾಗ ಕೆಮ್ಮಿ ಬಾಗಿಲು ತೆಗೆದೆ.

ಒಳಗೆ ನಾಲ್ಕು ಎಲೆಗಳಿದ್ದವು.

"ಎಂತ ಮಾರಾಯ, ನಂಗೂ ಇವರ ಸಾಲಲ್ಲೇ ಹಾಕಿದ್ದೀಯ? ನಾನಿನ್ನೂ ಸತ್ತಿಲ್ಲ!" ಎಂದು ದಾಮು ನಕ್ಕ. ಆಮೇಲೆ ಬಗ್ಗಿ ನೋಡಿ, "ಹಂದಿನೇ ಇಲ್ಲ ಇದರಲ್ಲಿ. ಈ ಎಲೆ ಯಾರಿಗೆ ಬೇಕು?" ಅಂದ.

ನಾನೂ ಬಗ್ಗಿ ನೋಡಿದೆ. ಚಿಕ್ಕಂದಿನಿಂದ ಹಂದಿ ತಿನ್ನದವನು ನಾನು. "ಇವಂಗೆ ಹಂದಿ ಬೇಡ" ಎನ್ನುತ್ತ ಅವ್ವ ತನ್ನ ಪಕ್ಕದಲ್ಲೇ ನನಗೆ ಬೇರೆ ಎಲೆ ಹಾಕುತ್ತಿದ್ದಳು. ನಾಲ್ಕನೆಯ ಎಲೆ ಇದ್ದದ್ದೂ ಅವ್ವನ ಎಲೆಯ ಪಕ್ಕದಲ್ಲೇ. ಕಡುಬನ್ನು ಎರಡು ಹೋಳು ಮಾಡಿ ಇಟ್ಟಿತ್ತು. ಒಮ್ಮೆ ಬಿಸಿ ಕಡುಬು ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡಿದ್ದೆ. ಅಂದಿನಿಂದ, ನಾನು ಮೀಸೆ ಬಂದ ಗಂಡಸಾದ ಮೇಲೂ, ಅವ್ವ ಮುರಿದೇ ಬಡಿಸುತ್ತಿದ್ದಳು.

ಅಲ್ಲೇ ಕೂತು, ಅಷ್ಟು ದಿನ ಮುಚ್ಚಿಟ್ಟದ್ದನ್ನು ದಾಮುವಿಗೆ ಹೇಳಿಬಿಟ್ಟೆ. "ಥೂ ನಿನ್ನ! ಬೆಳಿಗ್ಗೆ ಆಟೋ ತರ್ತೇನೆ, ಮಡಿಕೇರಿಗೆ ಹೋಗುವ," ಎಂದ. ಆ ಎಲೆಯಲ್ಲಿದ್ದದ್ದನ್ನು ಇಬ್ಬರೂ ಮುಟ್ಟಲಿಲ್ಲ.

ಮಡಿಕೇರಿಯ ಡಾಕ್ಟರು ಕೋಣೆ ಕತ್ತಲು ಮಾಡಿ, ಬೀಜದ ಚೀಲಕ್ಕೆ ಟಾರ್ಚ್ ಒತ್ತಿ ಹಿಡಿದರು. ಬರೀ ನೀರು ತುಂಬಿದ್ದರೆ ಬೆಳಕು ಕೆಂಪಗೆ ದಾಟಿ ಬರುತ್ತದಂತೆ. ನನ್ನದರಲ್ಲಿ ದಾಟಲಿಲ್ಲ. ಕರೆಂಟಿನ ಕೆಲಸದವನಾದ ನನಗೆ ಅದು ಬೇಗ ಅರ್ಥವಾಯಿತು. "ನೋವಿಲ್ಲ ಅಂತಾನೇ ಎಲ್ರೂ ತಡ ಮಾಡೋದು," ಎಂದರು ಅವರು. ಸ್ಕ್ಯಾನು, ರಕ್ತಪರೀಕ್ಷೆ ಆಯಿತು. ಕ್ಯಾನ್ಸರ್ ಇರಬೇಕೆಂದರು. ಮೈಸೂರಿನಲ್ಲಿ ತೊಡೆಸಂದಿಯ ಹತ್ತಿರ ಕೊಯ್ದು ಆ ವೃಷಣವನ್ನೇ ತೆಗೆದರು. ಪರೀಕ್ಷೆಯಲ್ಲಿ ಅದೇ ಖಚಿತವಾಯಿತು. "ಜೊತೆಗೆ ಯಾರಿದ್ದಾರೆ?" ಎಂದು ನರ್ಸ್ ಕೇಳಿದಾಗ ದಾಮು, ತಾನು ನನ್ನ ಅಣ್ಣ ಎಂದು ಸುಳ್ಳು ಹೇಳಿದ. ಹೊಟ್ಟೆಗೆ ಹರಡುವ ಮೊದಲೇ ಬಂದಿರಿ, ಬದುಕಿದಿರಿ, ಎಂದರು ಅಲ್ಲಿನ ಡಾಕ್ಟರು. ಒಂದೇ ಇದ್ದರೂ ಸಂಸಾರಕ್ಕೇನೂ ತೊಂದರೆಯಿಲ್ಲ ಎಂದರು. ಸಂಸಾರವೇನೋ ಆಗಲಿಲ್ಲ, ಅದು ಬೇರೆ ಮಾತು.

ದಾಮು ಈಗಲೂ ಹೇಳುವುದು ಒಂದೇ: "ಹೆದರಿಕೆಯಲ್ಲಿ ಮೈಮೇಲೆ ಜ್ಞಾನ ಇಲ್ಲದೆ ನೀನೇ ಹಾಕಿರ್ಬೇಕು." ಇರಬಹುದು. ಆದರೆ ಅವ್ವ ಹೋದ ಮೇಲೆ ನಾನೊಂದು ದಿನವೂ ಕಡುಬು ಮುರಿದಿಟ್ಟುಕೊಂಡು ಉಂಡದ್ದಿಲ್ಲ. ಅವಳೇ ಹಾಕಿದ್ದಾದರೆ, ತನ್ನ ಪಕ್ಕಕ್ಕೆ ಕರೆದಳೋ, ಆಸ್ಪತ್ರೆಗೆ ಅಟ್ಟಿದಳೋ, ಅದೂ ತಿಳಿಯದು.

ಈ ವರ್ಷವೂ ಮೂರು ಎಲೆ ಹಾಕಿ ಬಾಗಿಲು ಮುಚ್ಚಿದೆ. ದಾಮುವಿಗೆ ಬಾಡಿಗೆ ಇತ್ತು, ಬರಲಿಲ್ಲ. ಒಬ್ಬನೇ ಕಾದು, ಕೆಮ್ಮಿ, ಎದೆ ಗಟ್ಟಿ ಮಾಡಿಕೊಂಡು ಬಾಗಿಲು ತೆಗೆದೆ. ಮೂರೇ ಇದ್ದವು. ಸದ್ಯ, ಬದುಕಿದೆ ಎಂದುಕೊಂಡೆ. ಆಮೇಲೆ ಅಲ್ಲೇ ಅವ್ವನ ಎಲೆಯ ಮುಂದೆ ಕೂತು ತುಂಬಾ ಹೊತ್ತು ಅತ್ತೆ.