ತಿರುವಿನಲ್ಲಿ ದಿನವೂ ಒಂದು ಚುಕ್ಕೆ

ಊರಿಗೆಲ್ಲ ಅವನು ಫ್ಯಾನಣ್ಣ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ರೆಕ್ಕೆ ಕಳಚಿದ ಫ್ಯಾನುಗಳು, ಹೊಗೆ ಉಗುಳಿ ಸುಮ್ಮನಾದ ಮಿಕ್ಸಿ, ಯಾರೋ ಕೊಟ್ಟು ಮರೆತೇಬಿಟ್ಟ ಇಸ್ತ್ರಿಪೆಟ್ಟಿಗೆ, ಇವುಗಳ ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಅವನು. ಕರೆಂಟಿಗೆ ಹೆದರದ ಈ ಮನುಷ್ಯ ಹೆಂಡತಿಯ ವಿಷಯಕ್ಕೆ ಬಂದರೆ ಮಾತ್ರ ಮಹಾ ಪುಕ್ಕಲ. ಅದಕ್ಕೆ ಕಾರಣವೂ ಇತ್ತೆನ್ನಿ.

ಹೆಂಡತಿ ನರ್ಸು. ಬೆಳಿಗ್ಗೆ ಸ್ಕೂಟರಿನಲ್ಲಿ ಗುಡ್ಡ ದಾಟಿ ಹೋಗಿ, ಆಚೆಯ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಸಂಜೆ ಐದಕ್ಕೆ ಮನೆ ಸೇರುವವಳು. ಗುಡ್ಡದ ದಾರಿಯಲ್ಲಿ ಮೊಬೈಲು ಸಿಗುವುದಿಲ್ಲ. ಹೋದ ವರ್ಷ ಅಲ್ಲೇ ಜಲ್ಲಿಯ ಮೇಲೆ ಸ್ಕೂಟರು ಜಾರಿ, ಭುಜದ ಮೂಳೆ ಮುರಿದುಕೊಂಡು ಎರಡು ಗಂಟೆ ರಸ್ತೆ ಬದಿಯಲ್ಲಿ ಬಿದ್ದಿದ್ದಳು. ಆ ಎರಡು ಗಂಟೆಯೂ ಇವನು ಏನೂ ತಿಳಿಯದೆ, ಹಾಡು ಕೇಳುತ್ತ, ಯಾರದೋ ಫ್ಯಾನಿಗೆ ತಂತಿ ಸುತ್ತುತ್ತಿದ್ದ. ಅಂದಿನಿಂದ ಅವನು ಕೆಲಸದ ಹೊತ್ತಿನಲ್ಲಿ ಹಾಡು ಹಾಕಿಲ್ಲ.

ಮೂಳೆ ಕೂಡಿತು, ಅವಳು ಮತ್ತೆ ಸ್ಕೂಟರು ಹತ್ತಿದಳು. "ಸಾಕು ಬಿಡೇ ಆ ಕೆಲಸ" ಅಂದರೆ, "ಗುಡ್ಡದಾಚೆ ಮಲಗಿರೋ ಆ ಮುದುಕಮ್ಮನ ಪಟ್ಟಿ ನೀವು ಬಂದು ಬದಲಾಯಿಸ್ತೀರಾ?" ಎಂದು ಕೇಳಿದಳು.

ಆಗ ದಾರಿ ತೋರಿಸಿದವರು ಟೀಚರಮ್ಮ. ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಸ್ವಂತ ಯಂತ್ರದಿಂದ ದೂರದೂರದವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದ ಹುಚ್ಚು ಹಿಡಿಸಿಕೊಂಡವರು. ಮಿಕ್ಸಿ ರಿಪೇರಿಗೆಂದು ಬಂದು, ಇವನ ಗೋಳು ಕೇಳಿ, ಒಂದು ಉಪಾಯ ಹೇಳಿದರು. ಅಂಗೈಯಗಲದ ಡಬ್ಬಿ ಸಿಗುತ್ತದಂತೆ. ತಾನು ಎಲ್ಲಿದ್ದೇನೆಂದು ಉಪಗ್ರಹಗಳಿಂದ ತಿಳಿದುಕೊಂಡು, ಆ ಸುದ್ದಿಯನ್ನು ಚಿಕ್ಕ ಪೊಟ್ಟಣ ಕಟ್ಟಿ ರೇಡಿಯೊದಲ್ಲಿ ಕೂಗುತ್ತದಂತೆ. ಗುಡ್ಡದ ತಲೆಯ ಮೇಲೆ ಟೀಚರಮ್ಮನೇ ಇಡಿಸಿದ ಯಂತ್ರ ಅದನ್ನು ಕೇಳಿಸಿಕೊಂಡು ಇನ್ನೊಮ್ಮೆ ಜೋರಾಗಿ ಕೂಗುತ್ತದೆ. ಮನೆಯ ಕಂಪ್ಯೂಟರಿನ ನಕ್ಷೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಮೊಬೈಲಿನ ಹಂಗೇ ಬೇಡ.

"ಆದ್ರೆ ಲೈಸೆನ್ಸ್ ಬೇಕಪ್ಪ. ಪರೀಕ್ಷೆ ಬರೀಬೇಕು," ಅಂದರು.

ಡಬ್ಬಿ ಹೊರುವವಳು ಅವಳಾದ್ದರಿಂದ ಗಂಡ ಹೆಂಡತಿ ಇಬ್ಬರೂ ಬರೆದರು. ಅವನಿಗಿಂತ ಅವಳಿಗೆ ಹನ್ನೊಂದು ಅಂಕ ಹೆಚ್ಚು ಬಂತು. ಮೂವತ್ತು ವರ್ಷ ತಂತಿ ಸುತ್ತಿದವನಿಗೆ ಇದಕ್ಕಿಂತ ಮುಖಭಂಗ ಬೇಕೇ? ಅವಳಂತೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು.

ಹೊಸದಾಗಿ ಕಲಿತವರ ಆತುರ ಗೊತ್ತಲ್ಲ. ಮೊದಲ ದಿನ ಡಬ್ಬಿಯನ್ನು ಹತ್ತು ಸೆಕೆಂಡಿಗೊಮ್ಮೆ ಕೂಗುವಂತೆ ಇಟ್ಟ. ನಕ್ಷೆಯ ಮೇಲೆ ಚುಕ್ಕೆಗಳು ಇರುವೆ ಸಾಲಿನಂತೆ ಹೊರಟವು, ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಧ್ಯಾಹ್ನದೊಳಗೆ ಟೀಚರಮ್ಮನ ಫೋನು.

"ಏನಪ್ಪಾ, ಇಡೀ ಜಿಲ್ಲೆಯಲ್ಲಿ ನಿನ್ನ ಹೆಂಡತಿ ಒಬ್ಬಳೇನಾ ಓಡಾಡ್ತಿರೋದು? ಎಲ್ಲರ ಡಬ್ಬಿಗಳೂ ಕೂಗೋದು ಒಂದೇ ಫ್ರೀಕ್ವೆನ್ಸಿಲಿ. ಅವಳು ಬಾಯಿ ಮುಚ್ಚಿದ್ರೆ ತಾನೇ ಉಳಿದವರು ಬಾಯಿ ಬಿಡೋದು. ಐದು ನಿಮಿಷಕ್ಕೊಂದು ಸಲ ಸಾಕು."

ಪೆಚ್ಚಾಗಿ ಐದು ನಿಮಿಷಕ್ಕೆ ಇಟ್ಟ. ಆಮೇಲೆ ನಾಲ್ಕು ತಿಂಗಳು ಎಲ್ಲ ಸರಿಯಾಗಿತ್ತು ಅನ್ನುವಾಗ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಐದು ನಿಮಿಷದ ಚುಕ್ಕೆ ಒಂದು ದಿನ ಸೇತುವೆ ಹತ್ತಿರ ಬಿದ್ದರೆ ಮರುದಿನ ಅದಕ್ಕಿಂತ ಹಿಂದೆಯೋ ಮುಂದೆಯೋ ಬೀಳಬೇಕು, ಹಾಗೇ ಬೀಳುತ್ತಿತ್ತು. ಆದರೆ ಗುಡ್ಡದ ಕೊನೆಯ ತಿರುವಿನಲ್ಲಿ ಮಾತ್ರ ದಿನ ತಪ್ಪದೆ ಒಂದು ಚುಕ್ಕೆ, ಅದೇ ಜಾಗದಲ್ಲಿ. ಅಂದರೆ ಅವಳು ದಿನವೂ ಅಲ್ಲಿ ನಿಲ್ಲುತ್ತಿದ್ದಾಳೆ. ಏಕೆ?

"ದಾರೀಲಿ ಎಲ್ಲಾದ್ರೂ ನಿಲ್ತೀಯಾ?" ಎಂದು ಸುಮ್ಮನೆ ಕೇಳುವವನಂತೆ ಕೇಳಿದ.

"ಇಲ್ವಲ್ಲ. ಯಾಕೆ?" ಅಂದಳು, ತಲೆಯೆತ್ತದೆ.

ಮನೆಯಲ್ಲಿ ಸುಳ್ಳಾಡಿ ಅಭ್ಯಾಸವಿಲ್ಲದವಳು ಸುಳ್ಳಾಡಿದ್ದಳು. ಅವನಿಗೆ ಒಂದೊಂದಾಗಿ ನೆನಪಾಯಿತು. ಮೊನ್ನೆ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿದ್ದಳು. ಆಗಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಊರಿನ ಕಾಯಿಲೆಗೆಲ್ಲ ಔಷಧಿ ಕೊಡುವವರು ತಮ್ಮದನ್ನು ಮುಚ್ಚಿಡುವುದರಲ್ಲಿ ಎತ್ತಿದ ಕೈ. ಇವಳಿಗೆ ಎದೆನೋವು, ಏರು ಹತ್ತಲಾರದೆ ಅಲ್ಲಿ ಕೂರುತ್ತಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಮರುದಿನ ತಂತಿ ತರಲು ಹೋಗುತ್ತೇನೆಂದು ಅವಳಿಗಿಂತ ಮುಂಚೆ ಹೊರಟು, ಹಾಲಿನ ವ್ಯಾನು ಹತ್ತಿ ತಿರುವಿನಲ್ಲಿ ಇಳಿದು, ಬಂಡೆಯ ಹಿಂದೆ ಕಾದು ನಿಂತ. ಒಂಬತ್ತೂವರೆಗೆ ಸ್ಕೂಟರಿನ ಸದ್ದು ಬಂತು. ಅವಳು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ರಸ್ತೆ ಬದಿಯ ಚಪ್ಪಟೆ ಕಲ್ಲಿನ ಮೇಲೆ ಕೂತಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡತೊಡಗಿದಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು.

ಅವನಿಗೆ ತಡೆಯಲಾಗಲಿಲ್ಲ. ಹೊರಗೆ ಬಂದವನೇ, "ಎದೆ ನೋಯ್ತಿದೆಯಾ?" ಅಂದ.

ಅವಳು ಬೆಚ್ಚಿದಳು. "ಎದೆ ಈಗ ಒಡೆದುಹೋಗ್ತಿತ್ತು, ನಿಮ್ಮನ್ನ ನೋಡಿ. ಇಲ್ಲೇನ್ರೀ ಮಾಡ್ತಿದ್ದೀರಾ?"

"ನೀನೇನು ಮಾಡ್ತಿದ್ದೀಯಾ ಅದನ್ನ ಹೇಳು."

ಅವಳು ರಸ್ತೆ ಇಳಿಯುವ ಕಡೆ ಕೈ ತೋರಿಸಿದಳು. "ಇಲ್ಲಿಂದಾಚೆ ಕೊರಕಲು. ಅಲ್ಲಿ ಎಷ್ಟು ಕೂಗಿದ್ರೂ ಗುಡ್ಡದ ಯಂತ್ರಕ್ಕೆ ಕೇಳಲ್ಲ. ಅರ್ಧ ಗಂಟೆ ನಿಮಗೆ ನನ್ನ ಸುದ್ದಿ ಇರಲ್ಲ. ಏರು ಹತ್ತಿ ಇಲ್ಲೀವರೆಗೆ ಚೆನ್ನಾಗಿ ಬಂದ್ಲು ಅಂತಾದ್ರೂ ನಿಮಗೆ ಗೊತ್ತಾಗ್ಲಿ ಅಂತ ಇದರ ಸರದಿಗೆ ಕಾಯ್ತೀನಿ. ಈ ಕೆಂಪು ದೀಪ ಹತ್ತಿದ ಮೇಲೆ ಹೋಗ್ತೀನಿ."

"ದಿನಾ?"

"ದಿನಾ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಮತ್ತೆ ಹತ್ತು ಸೆಕೆಂಡಿಗೆ ಇಟ್ಟು ಟೀಚರಮ್ಮನ ಹತ್ರ ಬೈಸ್ಕೋತಿದ್ರಿ."

ಅಷ್ಟರಲ್ಲಿ ಅವಳ ಮಡಿಲಲ್ಲಿ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಅವನಿಗೆ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳಿಂದ ಇವಳನ್ನು ತಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದನಲ್ಲ, ಇವಳು ಬಿಸಿಲಲ್ಲಿ ಕೂತು ಅವನ ಭಯಕ್ಕೆ ಕಾವಲಿದ್ದಳು. ಪಕ್ಕದಲ್ಲಿ ಕಲ್ಲಿನ ಮೇಲೆ ಜಾಗ ಮಾಡಿಕೊಂಡು ಕೂತ. "ಹೊತ್ತಾಯ್ತು, ಮುದುಕಮ್ಮ ಕಾಯ್ತಿರ್ತಾರೆ," ಅಂದಳು ಅವಳು. ಆದರೂ ತಕ್ಷಣ ಏಳಲಿಲ್ಲ.

ಭಾನುವಾರ ಅವನು ಡಬ್ಬಿಗೆ ತೂತು ಕೊರೆದು, ಹಳೆಯ ಮಿಕ್ಸಿಯ ಒಂದು ಬಟನ್ನು ಕೂರಿಸಿದ. ಒತ್ತಿದರೆ ಸರದಿಗೆ ಕಾಯದೆ ಡಬ್ಬಿ ಆ ಕ್ಷಣವೇ ಕೂಗುತ್ತದೆ. "ಗಾಡಿಯಿಂದ ಇಳೀಲೂ ಬೇಡ. ತಿರುವಿನಲ್ಲಿ ಒಂದು ಸಲ ಒತ್ತು, ಹೋಗ್ತಾ ಇರು," ಅಂದ.

ಸೋಮವಾರ ಒಂಬತ್ತೂವರೆಗೆ ತಿರುವಿನಲ್ಲಿ ಚುಕ್ಕೆ ಬಿತ್ತು. ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಮತ್ತೊಂದು. ಮಂಗಳವಾರವೂ ಮೂರು, ಬುಧವಾರವೂ ಮೂರು. ಗುರುವಾರ ಟೀಚರಮ್ಮ ಫೋನು ಮಾಡಿದರು.

"ಏನಪ್ಪಾ, ನಿನ್ನ ಹೆಂಡತಿ ಅದೇ ಜಾಗದಲ್ಲಿ ನಿಂತು ಮೂರು ಮೂರು ಸಲ ಕೂಗ್ತಾಳಲ್ಲ. ಒಂದು ಸಾಲದಾ? ಸ್ವಲ್ಪ ಹೇಳು ಅವಳಿಗೆ."

"ಹೇಳ್ತೀನಿ ಮೇಡಂ," ಅಂದ.

ಇನ್ನೂ ಹೇಳಿಲ್ಲ.